ಮೂರು ಪೆಲ್ಲೆಟ್, ಒಂದೇ ತೂತು. ಮಿಕ್ಕವು ಎಲ್ಲಿ?

ಏರ್ ರೈಫಲ್ ಕೊಳ್ಳೋಕೆ ಸಲಹೆ ಬೇಕು ಅಂತ ಬರುವ ಅಪ್ಪಂದಿರು ನನ್ನ ಮುಂದೆ ಕೂತು ಮೊದಲು ಮಾಡುವ ಕೆಲಸ, ಜೇಬಿನಿಂದ ಫೋನ್ ತೆಗೆಯುವುದು. ಅದರಲ್ಲೊಂದು ವಿಡಿಯೋ. ಕಪ್ಪು ಟೀ ಶರ್ಟಿನವನೊಬ್ಬ ಏರ್ ರೈಫಲ್ಲಿನ ಸಣ್ಣ ಗುಂಡು, ಅಂದರೆ ಪೆಲ್ಲೆಟ್, ಮೂರು ಹೊಡೆದ ಟಾರ್ಗೆಟ್ ಕಾರ್ಡನ್ನು ಕ್ಯಾಮೆರಾ ಮುಂದೆ ಹಿಡಿದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, 'ಮೂರೂ ಒಂದೇ ತೂತಲ್ಲಿ ಹೋಗಿವೆ ನೋಡಿ' ಅನ್ನುತ್ತಾನೆ. ಅಲ್ಲಿಗೆ ರೈಫಲ್ ಆಯ್ಕೆ ಮುಗಿಯಿತು. ನನ್ನ ಹತ್ತಿರ ಬಂದಿರುವುದು ಸುಮ್ನೆ ಹೂಂ ಅನ್ನಿಸಿಕೊಳ್ಳೋಕೆ.

ನಾನು ಪುಣೆಯಲ್ಲಿ 10 ಮೀಟರ್ ಶೂಟಿಂಗ್ ಕಲಿಸುತ್ತೇನೆ. ಹಿಂಜೆವಾಡಿಯಲ್ಲಿ ಕೆಲಸ, ಬಾಣೇರ್–ಬಾಲೇವಾಡಿ ಕಡೆ ಮನೆ ಮಾಡಿಕೊಂಡಿರುವ ಹುಬ್ಬಳ್ಳಿ, ವಿಜಯಪುರ, ಬೆಳಗಾವಿ ಜನರ ಮಕ್ಕಳು ಒಂದಷ್ಟು ನನ್ನ ಹತ್ತಿರ ಬರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ಗೂ ನಮ್ಮ ಪಕ್ಕದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆಗೂ ಪದಕ ಬಂದಮೇಲೆ ವಿಚಾರಿಸುವವರು ಜಾಸ್ತಿಯಾದರು. ಸಂತೋಷವೇ. ಆದರೆ ಕೋಚ್ ಬೇಕು ಅಂತ ಬರುವ ಮೊದಲೇ ಅವರಿಗೆ ಒಬ್ಬ ಗುರು ಸಿಕ್ಕಿರುತ್ತಾನೆ. ಅವನು ಇರುವುದು ಫೋನಿನಲ್ಲಿ.

ನಾನು ಹೇಳುವುದು ಒಂದೇ. ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಹೊಡೆದ ಅನ್ನುವುದನ್ನು ನೋಡಬೇಡಿ. ಅವತ್ತು ಒಟ್ಟು ಎಷ್ಟು ಹೊಡೆದ, ಅದರಲ್ಲಿ ಎಷ್ಟನ್ನು ನಿಮಗೆ ತೋರಿಸಿದ, ಅದನ್ನು ಕೇಳಿ. ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ, 'ಆದರೂ ಸರ, ಮೂರೂ ಒಂದ ತೂತಿನ್ಯಾಗ ಹೋಗ್ಯಾವಲ್ರೀ' ಅಂತ ಮತ್ತೆ ಅಲ್ಲಿಗೇ ಬರುತ್ತಾರೆ.

ಒಬ್ಬರಿಗೆ ಬಾಯಲ್ಲಿ ಹೇಳಿ ಸಾಕಾಗಿ, ಮಾಡಿಯೇ ತೋರಿಸಿದೆ. ನಮ್ಮಲ್ಲಿ ಕಲಿಯುತ್ತಿರುವ ಒಂಬತ್ತನೇ ಕ್ಲಾಸಿನ ಹುಡುಗನ ಕೈಗೆ ಕ್ಲಬ್ಬಿನ ಹಳೇ ರೈಫಲ್ ಕೊಟ್ಟು, ಆರು ಕಾರ್ಡು ನೇತುಹಾಕಿ, ಒಂದೊಂದಕ್ಕೆ ಐದೈದು ಹೊಡೆ ಅಂದೆ. ಮೂರು ಕಾರ್ಡಿನಲ್ಲಿ ತೂತುಗಳು ಮನಸ್ಸಿಗೆ ಬಂದ ಕಡೆ ಬಿದ್ದವು. ಎರಡು ಪರವಾಗಿಲ್ಲ. ಒಂದರಲ್ಲಿ ಮಾತ್ರ ಮೂರು ಪೆಲ್ಲೆಟ್ ಒಂದರ ಮೇಲೊಂದು ಕೂತು, ಇನ್ನೆರಡು ದೂರ ಹೋಗಿದ್ದವು. ಆ ಮೂರು ಮಾತ್ರ ಕಾಣುವ ಹಾಗೆ ಫೋಟೋ ತೆಗೆದು, ಅಂಚು ಕತ್ತರಿಸಿ, ಆಚೆ ಕಾಯುತ್ತಿದ್ದ ಆ ಅಪ್ಪನ ಫೋನಿಗೆ ಕಳಿಸಿದೆ. 'ಇದು ಯಾವ ರೈಫಲ್ ರೀ ಸರ? ಭಾರಿ ಐತಿ. ಎಷ್ಟಕ್ಕ ಸಿಗ್ತದ?' ಅಂದರು. ಒಳಗೆ ಕರೆದು ಆರೂ ಕಾರ್ಡನ್ನು ಮೇಜಿನ ಮೇಲೆ ಹರಡಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕರು, ಪುಣ್ಯಕ್ಕೆ.

ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಮೂರೇ ಹೊಡೆದು ನಿಲ್ಲಿಸಿದರೂ ಲೆಕ್ಕ ತಪ್ಪುತ್ತದೆ. ಹೆಚ್ಚು ಹೊಡೆದಷ್ಟೂ ಗ್ರೂಪ್, ಅಂದರೆ ಕಾರ್ಡಿನ ಮೇಲೆ ತೂತುಗಳು ಹರಡಿರುವ ಜಾಗ, ಅಗಲವಾಗುತ್ತಾ ಹೋಗುತ್ತದೆ. ಅದೇ ರೈಫಲ್, ಅದೇ ಕೈ, ಅದೇ ಪೆಲ್ಲೆಟ್ ಇದ್ದರೂ ಮೂರು ಹೊಡೆತದ ಗ್ರೂಪ್ ಸರಾಸರಿ 10 ಮಿಲಿಮೀಟರ್ ಬಂದರೆ, ಹತ್ತು ಹೊಡೆತದ್ದು ಸುಮಾರು 16 ಬರುತ್ತದೆ. ರೈಫಲ್ ಏನೂ ಕೆಟ್ಟಿಲ್ಲ. ಮೂರು ಹೊಡೆತದಲ್ಲಿ ಅದರ ಪೂರ್ತಿ ಗುಣ ಹೊರಗೆ ಬಂದಿರಲಿಲ್ಲ, ಅಷ್ಟೇ. ಹಾಗಾಗಿ ಒಬ್ಬನ ಮೂರು ಹೊಡೆತದ ಗ್ರೂಪನ್ನು ಇನ್ನೊಬ್ಬನ ಹತ್ತು ಹೊಡೆತದ ಗ್ರೂಪಿನ ಪಕ್ಕ ಇಟ್ಟು 'ಇದು ಮೇಲು' ಅನ್ನೋಕೆ ಆಗುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಮಾತು ಬಂದರೆ ಕನಿಷ್ಠ ಹತ್ತು ಹೊಡೆತದ ಕಾರ್ಡು, ಅದೂ ನಾಲ್ಕೈದು, ಒಂದೇ ದಿನದ್ದು, ಒಂದನ್ನೂ ಬಿಡದೆ ತೋರಿಸಿರಬೇಕು. ಮರಳಿನ ಚೀಲದ ಮೇಲೆ ಇಟ್ಟು ಹೊಡೆದನೋ, ನಿಂತು ಹೊಡೆದನೋ ಅದನ್ನೂ ಹೇಳಬೇಕು. ಮೊದಲನೆಯದರಲ್ಲಿ ಜಾಸ್ತಿ ಗೊತ್ತಾಗುವುದು ರೈಫಲ್ ಹೇಗಿದೆ ಅಂತ, ಎರಡನೆಯದರಲ್ಲಿ ಅವನು ಹೇಗೆ ಹೊಡೆಯುತ್ತಾನೆ ಅಂತ. ಎರಡನ್ನೂ ಕಲಸಿ ಕೊಡುವವನ ಮಾತು ಪಕ್ಕಕ್ಕಿಡಿ.

ಇನ್ನೊಂದು ಗೀಳು ವೇಗದ್ದು. '1,200 ಎಫ್‌ಪಿಎಸ್, ಲೈಸೆನ್ಸೂ ಬೇಡ' ಅನ್ನುವ ವಿಡಿಯೋಗಳಿಗೆ ಬರವಿಲ್ಲ. ಎಫ್‌ಪಿಎಸ್ ಅಂದರೆ ಪೆಲ್ಲೆಟ್ ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನುವ ಲೆಕ್ಕ. ನಮ್ಮಲ್ಲಿ 4.5 ಮಿಲಿಮೀಟರ್ ಕ್ಯಾಲಿಬರ್, 20 ಜೂಲ್ ಶಕ್ತಿಯ ಒಳಗಿನ ಏರ್‌ಗನ್‌ಗೆ ಲೈಸೆನ್ಸಿನ ವಿನಾಯಿತಿ ಇದೆ. ಕಾನೂನಿಗೆ ನನ್ನ ಮಾತೇ ಕೊನೆಯಲ್ಲ. 2016ರ ಆರ್ಮ್ಸ್ ರೂಲ್ಸ್ ನೋಡಿ, ಅನುಮಾನ ಇದ್ದರೆ ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಕೇಳಿ. ಆದರೆ ಲೆಕ್ಕ ಪಿಯುಸಿ ಫಿಸಿಕ್ಸ್. ಅರ್ಧ ಗ್ರಾಮಿನ ಸಾಮಾನ್ಯ ಪೆಲ್ಲೆಟ್ಟಿಗೆ 20 ಜೂಲ್ ಕೊಟ್ಟರೆ ಅದರ ವೇಗ ಸೆಕೆಂಡಿಗೆ 283 ಮೀಟರ್, ಅಂದರೆ ಸುಮಾರು 930 ಅಡಿ. ಅದೇ ಪೆಲ್ಲೆಟ್ 1,200 ಅಡಿ ಓಡಿದರೆ 33 ಜೂಲ್ ದಾಟುತ್ತದೆ. ಅಂದಮೇಲೆ ಒಂದೋ ವೇಗ ಸುಳ್ಳು, ಇಲ್ಲವೇ ಹಗುರವಾದ ಮಿಶ್ರಲೋಹದ ಪೆಲ್ಲೆಟ್ ಹಾಕಿ ಅಳೆದಿದ್ದಾರೆ, ಅದೂ ಅಲ್ಲದಿದ್ದರೆ ಲೈಸೆನ್ಸ್ ಬೇಕು. ಇದನ್ನು ಹೇಳದ ರಿವ್ಯೂ ಮಾಡುವವನು ಓದಿದ್ದು ಡಬ್ಬಿಯ ಮೇಲಿನ ಅಕ್ಷರ ಮಾತ್ರ. ಇಷ್ಟಕ್ಕೂ ಆ ವೇಗ ಯಾಕೆ? ಶಬ್ದದ ವೇಗದ ಹತ್ತಿರ ಹೋದರೆ ಈ ಸೊಂಟ ಸಣ್ಣಗಿನ ಪೆಲ್ಲೆಟ್ ತೂರಾಡಲು ಶುರುಮಾಡುತ್ತದೆ. ಒಲಿಂಪಿಕ್ಸ್ ಮಟ್ಟದ ಏರ್ ರೈಫಲ್ಲಿನ ಪೆಲ್ಲೆಟ್ ಹೋಗುವುದು ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ. ಅದು ಹೊಡೆಯುವ, ಹತ್ತು ಅಂಕದ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್.

ಡಬ್ಬಿ ಬಿಚ್ಚಿದ ದಿನವೇ ತೀರ್ಪು ಕೊಡುವವರ ಬಗ್ಗೆ ಜಾಸ್ತಿ ಹೇಳಲ್ಲ. ಸ್ಪ್ರಿಂಗ್ ರೈಫಲ್ ಹದಕ್ಕೆ ಬರೋಕೇ ಕೆಲವು ನೂರು ಪೆಲ್ಲೆಟ್ ಬೇಕು. ಅದು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಆ ಎರಡು ಒದೆತಕ್ಕೆ ಸಾಧಾರಣ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಒಳಗೇ ಸಡಿಲವಾಗುತ್ತದೆ. ಮೊದಲ ದಿನದ ವಿಡಿಯೋದಲ್ಲಿ ಅದೇ ಸ್ಕೋಪು ಫಸ್ಟ್ ಕ್ಲಾಸ್.

ಇನ್ನು ಕಲಿಸುವವರು. ಇಲ್ಲಿ ಜನ ಮೋಸ ಹೋಗುವುದು ವೇಷಕ್ಕೆ. ಹಸಿರು ಚುಕ್ಕೆ ಪ್ಯಾಂಟು, ಕಪ್ಪು ಕನ್ನಡಕ ಇದ್ದರೆ ಸಾಕು, ತಜ್ಞ. ಸೈನ್ಯದಿಂದ ಬಂದವರ ಮೇಲೆ ನನಗೆ ಬಹಳ ಗೌರವ. ಎಷ್ಟೋ ಒಳ್ಳೆಯ ಕೋಚ್‌ಗಳು ಅಲ್ಲಿಂದಲೇ ಬಂದವರು. ಆದರೆ ಸೈನ್ಯದ ಇನ್ಸಾಸ್ ರೈಫಲ್ಲಿನಲ್ಲಿ ತರಬೇತಾದ ಕೈ ಹನ್ನೆರಡು ವರ್ಷದ ಹುಡುಗಿಗೆ ಏರ್ ಪಿಸ್ತೂಲು ಕಲಿಸಬಲ್ಲದು ಅಂತ ತಾನಾಗಿ ಏನೂ ಇಲ್ಲ. ಅಮೆರಿಕದ ವಿಡಿಯೋಗಳ ಗೋಳು ಬೇರೆ. ಅಲ್ಲಿ ಎರಡು ಕೈಯಲ್ಲಿ ಪಿಸ್ತೂಲು ಹಿಡಿಯುವುದನ್ನು ಕಲಿಸುತ್ತಾರೆ, ಅವರ ಉದ್ದೇಶಕ್ಕೆ ಅದು ಸರಿ. ನಮ್ಮ 10 ಮೀಟರ್ ಸ್ಪರ್ಧೆಯಲ್ಲಿ ಒಂದೇ ಕೈ, ಅದು ನಿಯಮ. ಎರಡು ಕೈಯ ಹಿಡಿತ ರೂಢಿಯಾಗಿ ಬಂದ ಹುಡುಗನಿಗೆ ಅದನ್ನು ಬಿಡಿಸೋಕೆ ನಾನು ಪಡುವ ಪಾಡು ನನಗೇ ಗೊತ್ತು.

ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಜೇಬಿಗೆ ಕೈ ಹಾಕಿ ನಿಂತ ಚಿತ್ರ ನೆನಪಿದೆ ಅಲ್ವಾ? 'ಸಾಮಾನು ಏನೂ ಬ್ಯಾಡ್ರಿ, ಆ ಮನಷ್ಯಾ ಹಂಗ ಬಂದು ಬೆಳ್ಳಿ ಹೊಡದ' ಅಂತ ಇವತ್ತಿಗೂ ಹೇಳುತ್ತಾರೆ. ಆತ 2008ರ ಬೀಜಿಂಗ್‌ನಿಂದಲೂ ಒಲಿಂಪಿಕ್ಸ್‌ನಲ್ಲಿ ಇದ್ದವನು. ಕಿವಿಯಲ್ಲಿ ಪ್ಲಗ್ ಇತ್ತು, ಚಿತ್ರದಲ್ಲಿ ಕಾಣಿಸಲಿಲ್ಲ. ಖಾಲಿ ಕೈಯನ್ನು ಜೇಬಿಗೆ ಹಾಕುವುದೂ ಹೊಸದೇನಲ್ಲ. ಪಿಸ್ತೂಲು ಹೊಡೆಯುವವರು ಅಲುಗಾಟ ಕಡಿಮೆ ಮಾಡೋಕೆ ಬಹಳ ಹಿಂದಿನಿಂದ ಹಾಗೆ ಮಾಡುತ್ತಾರೆ.

ಹಾಗಾದರೆ ಯಾರ ಮಾತು ಕೇಳಬೇಕು? ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅವರನ್ನು ತಗೊಳ್ಳಿ. 2004ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ, ಕೌಲಾಲಂಪುರದಲ್ಲಿ, 400ಕ್ಕೆ 400 ಹೊಡೆದವರು. ಆಗ ಮಹಿಳೆಯರಿಗೆ ನಲವತ್ತು ಹೊಡೆತ. ನಲವತ್ತೂ ಹತ್ತೇ. ಒಂದನ್ನೂ ಕತ್ತರಿಸಿ ಬಿಸಾಡುವ ಹಾಗಿರಲಿಲ್ಲ. ಆಮೇಲೆ ನವಿ ಮುಂಬೈ ಕಡೆ ಕೋಚಿಂಗ್ ಶುರುಮಾಡಿದರು. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅವನಿ ಲೇಖರಾ ಅವರ ಶಿಷ್ಯೆ. ಹೊಡೆಯಬಲ್ಲರು ಅನ್ನುವುದಕ್ಕೆ ಒಂದು ಸಾಕ್ಷಿ, ಕಲಿಸಬಲ್ಲರು ಅನ್ನುವುದಕ್ಕೆ ಬೇರೆಯೇ ಸಾಕ್ಷಿ. ಎಲ್ಲರೂ ಆ ಮಟ್ಟದವರೇ ಇರಬೇಕು ಅಂತ ನಾನು ಹೇಳ್ತಿಲ್ಲ. ಜಿಲ್ಲಾ ಮಟ್ಟದಲ್ಲಿ ಆಡಿದವರೂ ಚೆನ್ನಾಗಿ ಕಲಿಸಬಹುದು. ಆದರೆ ಸ್ಪರ್ಧೆಯ ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಹೆಸರು ಹಾಕಿ ಹುಡುಕಿ. ಅವರದ್ದೂ ನೋಡಿ, ಅವರ ಶಿಷ್ಯರದ್ದೂ ನೋಡಿ.

ಅಷ್ಟು ಪುರುಸೊತ್ತಿಲ್ಲದಿದ್ದರೆ ವಿಡಿಯೋದ ಸದ್ದು ಪೂರ್ತಿ ತೆಗೆದುಬಿಡಿ. ಅವನ ಬೆರಳು ನೋಡಿ. ಮಾತಾಡುವಾಗ ತೋರುಬೆರಳು ಟ್ರಿಗರ್ ಮೇಲಿದೆಯಾ? ನಳಿಗೆ ಕ್ಯಾಮೆರಾ ಹಿಡಿದವನ ಕಡೆ ತಿರುಗಿತಾ? ಖಾಲಿ ಇದೆ ಅಂತ ತೋರಿಸೋಕೆ ನಳಿಗೆಯೊಳಗೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಹಾಕಿದ್ದಾನಾ? 'ಬರೀ ಏರ್‌ಗನ್ ತಾನೇ' ಅಂತ ಇದನ್ನು ಬಿಟ್ಟವನು ಬೇರೆ ಏನನ್ನು ಸರಿಯಾಗಿ ಹೇಳಿದರೂ ನಾನು ಮುಂದೆ ನೋಡಲ್ಲ. ಈ ವಿಷಯದಲ್ಲಿ ನನ್ನದು ಸ್ವಲ್ಪ ಅತಿ ಅಂತ ನಮ್ಮ ರೇಂಜಿನಲ್ಲೇ ಹೇಳುತ್ತಾರೆ. ಇರಲಿ.

ದುಡ್ಡಿನ ಮಾತೂ ಇದೆ. ಜಾಹೀರಾತು ಕ್ಷೇತ್ರದ ಸಂಸ್ಥೆ ಆಸ್ಕಿ 2021ರಲ್ಲೇ ನಿಯಮ ಮಾಡಿದೆ: ಕಂಪನಿಯಿಂದ ಹಣವೋ, ಪುಕ್ಕಟೆ ವಸ್ತುವೋ ಬಂದಿದ್ದರೆ ನೋಡುವವರಿಗೆ ಕಾಣುವ ಹಾಗೆ ಹೇಳಬೇಕು. ಹೇಳಿದವನೆಲ್ಲ ಸುಳ್ಳ ಅಲ್ಲ. ನನಗೆ ಅವನ ಮೇಲೇ ನಂಬಿಕೆ ಜಾಸ್ತಿ. ಡಿಸ್ಕೌಂಟ್ ಕೋಡ್ ಕೊಟ್ಟು 'ಇದು ನನ್ನ ಸ್ವಂತ ಅಭಿಪ್ರಾಯ' ಅನ್ನುವವನ ಬಗ್ಗೆ ಹುಷಾರು.

ಒಂದು ಕೆಲಸ ಮಾಡಿ. ಆ ರಿವ್ಯೂ ಮಾಡಿದವನಿಗೇ ಬರೆದು ಕೇಳಿ: ಅವತ್ತು ಹೊಡೆದ ಎಲ್ಲಾ ಕಾರ್ಡು ತೋರಿಸ್ತೀರಾ? ಕೆಲವರು ಉತ್ತರ ಕೊಡುವುದಿಲ್ಲ, ಕೆಲವರು ಬೈಯುತ್ತಾರೆ. ಒಬ್ಬ ಹುಡುಗ ಮಾತ್ರ ಅಷ್ಟೂ ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಫೋಟೋ ಕಳಿಸಿದ. ಅದರಲ್ಲಿ ಎರಡಂತೂ ನೋಡೋಕಾಗದ ಹಾಗಿದ್ದವು. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಗಾಳಿ' ಅಂತ ಒಂದಕ್ಕೆ, 'ನನ್ನ ತಪ್ಪು' ಅಂತ ಇನ್ನೊಂದಕ್ಕೆ ಬರೆದಿದ್ದ. ಈಗ ಯಾರಾದರೂ ಕೇಳಿದರೆ ಅವನ ವಿಡಿಯೋವನ್ನೇ ಕಳಿಸುತ್ತೇನೆ. ಹೆಚ್ಚಿನವರು ಮಾರನೆಯ ದಿನ ಫೋನ್ ಮಾಡುತ್ತಾರೆ: 'ನೋಡಿದ್ನಿರಿ ಸರ. ಆದ್ರ ಇಂವಾ ಅಷ್ಟೇನು ಚಲೋ ಹೊಡ್ಯಂಗಿಲ್ರೀ.'