‘ಮಾಯ’ ಅಂದರೆ ಮನೆ

ಶಾಲೆಯಲ್ಲಿ ನಾನು ಬರೆದ ಪ್ರಬಂಧದ ಒಂದೇ ಪ್ಯಾರಾದಲ್ಲಿ ‘ಮರ’ ನಾಲ್ಕು ಸಲ ಬಂದಿತ್ತು. ಮೇಷ್ಟ್ರು ಮೂರಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ವೃಕ್ಷ’, ‘ತರು’ ಅಂತ ಬರೆದುಕೊಟ್ಟರು. ಪ್ರಬಂಧಕ್ಕೆ ಅದು ಸರಿಯೇ ಇರಬಹುದು. ಸಂಶೋಧನಾ ಲೇಖನದಲ್ಲಿ ಹಾಗೆ ಮಾಡಿದರೆ ಕಷ್ಟ. ‘ಉಷ್ಣ’ ಅಂತ ಶುರು ಮಾಡಿ, ಬೇಜಾರಾಯಿತೆಂದು ನಡುವೆ ‘ತಾಪ’ ಅಂದರೆ ಭೌತವಿಜ್ಞಾನದಲ್ಲಿ ವಿಷಯವೇ ಬದಲಾಗುತ್ತದೆ, ಅಲ್ವಾ?

ವಾಕ್ಯಗಳನ್ನು ಒಂದಕ್ಕೊಂದು ಹೊಲಿಯುವ ದಾರಗಳಲ್ಲಿ ಪದದ ಪುನರಾವರ್ತನೆಯೂ ಒಂದು. ಭಾಷಾವಿಜ್ಞಾನಿಗಳಾದ ಮೈಕಲ್ ಹ್ಯಾಲಿಡೇ ಮತ್ತು ರುಖೈಯಾ ಹಸನ್ 1976ರಲ್ಲೇ ಇಂಗ್ಲಿಷಿನ ಮಟ್ಟಿಗೆ ಇದನ್ನು ವಿವರಿಸಿದ್ದರು. ಲ್ಯಾಟ್ವಿಯನ್ ಭಾಷೆಯಲ್ಲಿ ಈ ದಾರದ ಕೆಲಸ ನೋಡಲು ಇನ್ನೂ ಚೆಂದ. ಬಾಲ್ಟಿಕ್ ಸಮುದ್ರದ ದಡದಲ್ಲಿ ಸುಮಾರು 15 ಲಕ್ಷ ಜನರ ತಾಯ್ನುಡಿ ಅದು.

ಲ್ಯಾಟ್ವಿಯಾದ ರಾಜಧಾನಿ ರಿಗಾದ ಹಳೆಯ ಮರದ ಮನೆಗಳ ಬಗ್ಗೆ ಒಂದು ಲೇಖನ ಅಂದುಕೊಳ್ಳಿ. ಮನೆಗೆ ಅಲ್ಲಿ ‘ಮಾಯ’ ಅನ್ನುತ್ತಾರೆ. (ನಮ್ಮ ಮಾಯೆಗೂ ಇದಕ್ಕೂ ಸಂಬಂಧವಿಲ್ಲ.) ಮನೆಯ ಅನ್ನಲು ‘ಮಾಯಸ್’, ಮನೆಗೆ ಅನ್ನಲು ‘ಮಾಯೈ’, ಮನೆಯನ್ನು ‘ಮಾಯು’, ಮನೆಯಲ್ಲಿ ‘ಮಾಯಾ’. ನಮ್ಮ ವಿಭಕ್ತಿಗಳ ಹಾಗೇ. ಪದ ಅದೇ, ಬಾಲ ಮಾತ್ರ ಬೇರೆ. ಮೊದಲ ವಾಕ್ಯದ ಕೊನೆಗೆ ಬಂದ ಮನೆ ಮುಂದಿನ ವಾಕ್ಯದ ತಲೆಗೆ ಬರಬಹುದು. ಯಾರು ಏನು ಮಾಡಿದರು ಅನ್ನುವುದನ್ನು ಬಾಲ ಹೇಳುತ್ತದೆ. ಯಾವುದರ ಮಾತು ನಡೆಯುತ್ತಿದೆ ಅನ್ನುವುದನ್ನು ಪದ ನೆನಪಿಸುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಸಂಗತಿ. ‘ಬಲ್ತ ಮಾಯ’ ಅಂದರೆ ಯಾವುದೋ ಒಂದು ಬಿಳಿ ಮನೆ. ‘ಬಲ್ತಾ ಮಾಯ’ ಅಂದರೆ ಆಗಲೇ ಹೇಳಿದೆನಲ್ಲ, ಆ ಬಿಳಿ ಮನೆ. ವ್ಯತ್ಯಾಸ ಒಂದು ದೀರ್ಘ ಅಷ್ಟೇ. ಬರೆಯುವಾಗ ಅಕ್ಷರದ ತಲೆಯ ಮೇಲೆ ಒಂದು ಗೆರೆ. ಇಂಗ್ಲಿಷಿನವರು ಬೇರೆ ಪದ ಸೇರಿಸಿ ಮಾಡುವ ಕೆಲಸವನ್ನು ಇಲ್ಲಿ ಗುಣವಾಚಕದ ಕೊನೆಯ ಸ್ವರವೇ ಮಾಡುತ್ತದೆ. ಹಾಗಾಗಿ ಎರಡನೇ ಸಲ ಬಂದ ಪದ ಸುಮ್ನೆ ಮರುಕಳಿಸಿದ್ದಲ್ಲ, ಹಿಂದಿನದ್ದನ್ನು ಕೈ ಮಾಡಿ ತೋರಿಸುತ್ತಿದೆ.

‘ಅದು’ ಅಂದರೆ ಸಾಲದೇ? ಸಾಲದು. ಅಲ್ಲಿ ವಸ್ತುಗಳಿಗೂ ಲಿಂಗವಿದೆ, ಗಂಡು ಅಥವಾ ಹೆಣ್ಣು. ಸಿದ್ಧಾಂತ, ವಿಧಾನ, ಊಹೆ, ಇವಕ್ಕೆ ಬಳಸುವ ಸಾಮಾನ್ಯ ಪದಗಳು ಮೂರೂ ಸ್ತ್ರೀಲಿಂಗ. ‘ಈ ಸಿದ್ಧಾಂತದಿಂದ ಹೊಸ ವಿಧಾನ ಹುಟ್ಟಿತು. ಅದು ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ.’ ಯಾವುದು? ಕನ್ನಡದಲ್ಲೂ ಗೊತ್ತಾಗುವುದಿಲ್ಲ. ‘ಅದು’ ಅನ್ನುವ ಜಾಗದಲ್ಲಿ ಅವರು ‘ತಾ’ ಅಂದರೂ ಅದೇ ಗೊಂದಲ. ಪದವನ್ನೇ ಇನ್ನೊಮ್ಮೆ ಬರೆದರೆ ಮುಗಿಯಿತು.

ಇಡೀ ಪುಟ ಹೀಗೇ ಆದರೆ ಓದುಗರಿಗೆ ಆಕಳಿಕೆ ಬರುತ್ತದೆ, ನಿಜ. ಆಗ ಒಂದೇ ಬೇರಿನ ಬೇರೆ ಬೇರೆ ಪದಗಳು ಕೈಹಿಡಿಯುತ್ತವೆ. ಸಂಶೋಧಿಸುವುದು ‘ಪೇತೀತ್’, ಸಂಶೋಧಕ ‘ಪೇತ್ನಿಯೆಕ್ಸ್’, ಅವನ ಸಂಶೋಧನೆ ‘ಪೇತೀಯುಮ್ಸ್’. ಕ್ರಿಯಾಪದ ನಾಮಪದವಾಗುತ್ತದೆ, ವಾಕ್ಯದ ಆಕಾರ ಬದಲಾಗುತ್ತದೆ, ‘ಪೇತ್’ ಮಾತ್ರ ಕಣ್ಣಿಗೆ ಬೀಳುತ್ತಲೇ ಇರುತ್ತದೆ.