ಕೊನ್ಸೆಸಾವ್ ಟಿಪ್ಪಣಿ: 4-4 ಆದರೂ ಪೋರ್ಟೊ ಮುಂದೆ ಹೋಗಿದ್ದು ಹೇಗೆ?

ಪೋರ್ಚುಗಲ್‌ನ ಸೆರ್ಜಿಯೋ ಕೊನ್ಸೆಸಾವ್ ಹುಟ್ಟಿದ್ದು 1974ರಲ್ಲಿ, ಕೊಯಿಂಬ್ರಾದಲ್ಲಿ. ಫುಟ್‌ಬಾಲ್‌ನಲ್ಲಿ ಮೊದಲು ಬಲಬದಿಯ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ), ಆಮೇಲೆ ಕೋಚ್. ಎರಡರಲ್ಲೂ ಗೆದ್ದವರು ಕಡಿಮೆ, ಅದಕ್ಕೇ ಇವರ ಬಗ್ಗೆ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಆಟಗಾರನಾಗಿ

ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ನಲ್ಲಿ 1997 ಮತ್ತು 1998ರಲ್ಲಿ ಲೀಗ್ ಗೆದ್ದು ಇಟಲಿಯ ಲಾಜಿಯೊ ಕ್ಲಬ್‌ಗೆ ಹೋದರು. ಅಲ್ಲಿ 1999ರ ಕಪ್ ವಿನ್ನರ್ಸ್ ಕಪ್ (ಯುರೋಪಿನ ಕ್ಲಬ್ ಟೂರ್ನಿ), 2000ರಲ್ಲಿ ಇಟಲಿಯ ಲೀಗ್. ಮುಂದೆ ಇಟಲಿಯದ್ದೇ ಪಾರ್ಮಾ, ಇಂಟರ್ ಕ್ಲಬ್‌ಗಳು, ಆಮೇಲೆ ಬೆಲ್ಜಿಯಂ, ಗ್ರೀಸ್.

ನೆನಪಿಡಲೇಬೇಕಾದ ಪಂದ್ಯ ಒಂದಿದೆ: 2000ರ ಯೂರೋ (ಯುರೋಪಿನ ದೇಶಗಳ ಟೂರ್ನಿ), ರೋಟರ್‌ಡಾಮ್, ಎದುರಾಳಿ ಜರ್ಮನಿ. ಪೋರ್ಚುಗಲ್ ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಹಾಗಾಗಿ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಟ್ಟಿದ್ದರು. ಸಿಕ್ಕ ಆ ಅವಕಾಶದಲ್ಲಿ ಕೊನ್ಸೆಸಾವ್ ಮೂರು ಗೋಲು ಹೊಡೆದರು. 3-0. ಹಾಲಿ ಚಾಂಪಿಯನ್ ಜರ್ಮನಿ ಮನೆಗೆ ಹೋಯಿತು.

ಅವೇ ಗೋಲ್ ಲೆಕ್ಕ

ಇದೇ ತಲೆ ತಿನ್ನುವ ಭಾಗ, ನಿಧಾನಕ್ಕೆ ನೋಡೋಣ. 2021ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ ಟೂರ್ನಿ), ಕೊನ್ಸೆಸಾವ್ ಕೋಚ್ ಆಗಿದ್ದ ಪೋರ್ಟೊ ಎದುರು ಇಟಲಿಯ ಯುವೆಂಟಸ್. ಇವರ ಮೈದಾನದಲ್ಲಿ ಒಂದು, ಅವರ ಮೈದಾನದಲ್ಲಿ ಒಂದು, ಹೀಗೆ ಎರಡು ಪಂದ್ಯದ ಮೊತ್ತ 4-4. ಪೆನಾಲ್ಟಿ ಶೂಟೌಟ್ ಇಲ್ಲದೆ ಪೋರ್ಟೊ ಮುಂದೆ ಹೋಯಿತು. ಯಾಕೆ?

ಆಗಿನ ಅವೇ ಗೋಲ್ (ಹೊರಗಿನ ಗೋಲು) ನಿಯಮ ಹೀಗಿತ್ತು: ಮೊತ್ತ ಸಮವಾದರೆ, ಎದುರಾಳಿಯ ಮೈದಾನದಲ್ಲಿ ಜಾಸ್ತಿ ಗೋಲು ಹೊಡೆದ ತಂಡ ಗೆದ್ದಂತೆ.

ಮೊದಲ ಪಂದ್ಯ ಪೋರ್ಟೊದಲ್ಲಿ, ಪೋರ್ಟೊಗೆ 2-1 ಗೆಲುವು. ಅಂದರೆ ಯುವೆಂಟಸ್ ಹೊರಗೆ ಹೊಡೆದದ್ದು 1. ಎರಡನೇ ಪಂದ್ಯ ಯುವೆಂಟಸ್‌ನ ಊರು ಟುರಿನ್‌ನಲ್ಲಿ. 90 ನಿಮಿಷಕ್ಕೆ ಯುವೆಂಟಸ್ 2-1. ಈಗ ಮೊತ್ತ 3-3, ಹೊರಗಿನ ಗೋಲು 1-1. ಎರಡೂ ಸಮ, ಅದಕ್ಕೇ ಹೆಚ್ಚುವರಿ ಸಮಯ.

ಇಲ್ಲೇ ಗಮನ ಇಡಿ. ಅವೇ ಗೋಲ್ ನಿಯಮ 90 ನಿಮಿಷಕ್ಕೆ ಮುಗಿಯುತ್ತಿರಲಿಲ್ಲ, ಹೆಚ್ಚುವರಿ ಸಮಯಕ್ಕೂ ಅನ್ವಯಿಸುತ್ತಿತ್ತು. ತನ್ನ ಆಟಗಾರ ತರೇಮಿಗೆ ರೆಡ್ ಕಾರ್ಡ್ ಸಿಕ್ಕಿ ಪೋರ್ಟೊ ಹತ್ತೇ ಜನರಲ್ಲಿ ಆಡುತ್ತಿತ್ತು. 115ನೇ ನಿಮಿಷದಲ್ಲಿ ಪೋರ್ಟೊದ ಸೆರ್ಜಿಯೋ ಒಲಿವೇರಾ ಹೊಡೆದ ಫ್ರೀ ಕಿಕ್ ಗೋಡೆ ಕಟ್ಟಿ ನಿಂತವರ ಕಾಲ ಕೆಳಗೇ ನುಸುಳಿ ಒಳಗೆ ಹೋಯಿತು. ಪೋರ್ಟೊದ ಹೊರಗಿನ ಗೋಲು 2 ಆಯಿತು. ಈಗ ಯುವೆಂಟಸ್‌ಗೆ ಒಂದು ಗೋಲು ಸಾಲದು, ಎರಡು ಬೇಕು! ಯುವೆಂಟಸ್‌ನ ರಾಬಿಯೊ ಒಂದು ಹೊಡೆದರು. ಪಂದ್ಯ 3-2, ಮೊತ್ತ 4-4, ಹೊರಗಿನ ಲೆಕ್ಕದಲ್ಲಿ ಪೋರ್ಟೊ 2, ಯುವೆಂಟಸ್ 1. ಮುಗೀತು.

ಹೆಚ್ಚುವರಿ ಅರ್ಧ ಗಂಟೆ ಯಾವಾಗಲೂ ಎರಡನೇ ಪಂದ್ಯದಲ್ಲೇ ಬರುತ್ತೆ ಅಲ್ವಾ? ಅಂದರೆ ಹೊರಗಿನ ಗೋಲು ಹೊಡೆಯಲು ಒಂದೇ ತಂಡಕ್ಕೆ 30 ನಿಮಿಷ ಜಾಸ್ತಿ. ಇದು ನ್ಯಾಯ ಅಂತ ನನಗಂತೂ ಅನಿಸುವುದಿಲ್ಲ. 2021-22ರಿಂದ ಯುಯೆಫಾ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಈ ನಿಯಮವನ್ನೇ ತೆಗೆದುಹಾಕಿತು. ಈಗಿನ ನಿಯಮವಾಗಿದ್ದರೆ ಆ ರಾತ್ರಿ ಶೂಟೌಟ್ ಆಗುತ್ತಿತ್ತು.

ಇನ್ನೊಂದು ವಿಷಯ: 1999ರಲ್ಲಿ ಲಾಜಿಯೊ ಕಪ್ ವಿನ್ನರ್ಸ್ ಕಪ್ ಫೈನಲ್ ತಲುಪಿದ್ದೂ ಇದೇ ನಿಯಮದಿಂದ. ಲೊಕೊಮೊಟಿವ್ ಮಾಸ್ಕೋ ಎದುರು ಹೊರಗೆ 1-1, ಮನೆಯಲ್ಲಿ 0-0.

ಪೋರ್ಟೊ ಕೋಚ್, 2017–2024

ನೆನಪಿಡಲು ಸುಲಭ ದಾರಿ: ಸಮ ವರ್ಷಗಳು. ಲೀಗ್ ಗೆದ್ದದ್ದು 2018, 2020, 2022ರಲ್ಲಿ. ಪೋರ್ಚುಗೀಸ್ ಸೂಪರ್ ಕಪ್ ಕೂಡ ಇದೇ ಮೂರು ವರ್ಷ, ಬೇರೆ ಬಾಯಿಪಾಠ ಬೇಡ. ಪೋರ್ಚುಗೀಸ್ ಕಪ್‌ಗೆ 2020, 2022 ಇಟ್ಟುಕೊಂಡು 2023, 2024 ಸೇರಿಸಿ. 2023ರ ಲೀಗ್ ಕಪ್ ಒಂದು. ಒಟ್ಟು 11. ಇವುಗಳಲ್ಲಿ 2018ರದ್ದೇ ದೊಡ್ಡದು ಅನ್ನುತ್ತೇನೆ: ಸತತ ನಾಲ್ಕು ಲೀಗ್ ಗೆದ್ದಿದ್ದ ಎದುರಾಳಿ ಕ್ಲಬ್ ಬೆನ್ಫಿಕಾಗೆ ಐದನೆಯದು ಸಿಗದಂತೆ ತಡೆದರು.

ಆಮೇಲೆ ಇಟಲಿಯ ಮಿಲಾನ್ ಕ್ಲಬ್‌ನ ಕೋಚ್. ಹೋದ ಕೆಲವೇ ದಿನಕ್ಕೆ, 2025ರ ಜನವರಿಯಲ್ಲಿ ಇಟಲಿಯ ಸೂಪರ್ ಕಪ್ ಫೈನಲ್. ಇಂಟರ್ ಎದುರು 0-2 ಹಿಂದಿದ್ದವರು 3-2ಕ್ಕೆ ಗೆದ್ದರು. ಆದರೆ ಲೀಗ್‌ನಲ್ಲಿ ಎಂಟನೇ ಸ್ಥಾನ, ಸೀಸನ್ ಮುಗಿದ ಮೇಲೆ ಕೆಲಸವೂ ಹೋಯಿತು.