ಬೀಥೋವನ್ ಸಂಗೀತಕ್ಕೂ ಕಾಪಿರೈಟ್ ಕ್ಲೇಮ್ ಬರುತ್ತಾ?

ಪ್ರಶ್ನೆ: ನಾವು ಐದು ಜನ ಸ್ನೇಹಿತರು ಸೇರಿ 12 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಕೊನೆಯ ದೃಶ್ಯಕ್ಕೆ ಬೀಥೋವನ್ ಅವರ ಏಳನೇ ಸಿಂಫನಿಯ ಎರಡನೇ ಭಾಗ ಹಾಕಿದ್ದೆವು. ಯೂಟ್ಯೂಬ್‌ಗೆ ಏರಿಸಿದ ಸ್ವಲ್ಪ ಹೊತ್ತಿಗೇ ಕಾಪಿರೈಟ್ ಕ್ಲೇಮ್ ಬಂತು. ಬೀಥೋವನ್ ತೀರಿಕೊಂಡು ಇನ್ನೂರು ವರ್ಷ ಆಗುತ್ತಾ ಬಂತು, ಅಲ್ವಾ? ಹಾಗಾದರೆ ತೊಂದರೆ ಇಲ್ಲದೆ ಬಳಸಬಹುದಾದ ಆರ್ಕೆಸ್ಟ್ರಾ ಸಂಗೀತ ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಬೀಥೋವನ್ ತೀರಿಕೊಂಡಿದ್ದು 1827ರಲ್ಲಿ. ಆ ಸಿಂಫನಿ ಇವತ್ತು ಯಾರ ಸ್ವತ್ತೂ ಅಲ್ಲ. ಆದರೆ ನೀವು ಟೈಮ್‌ಲೈನ್ ಮೇಲೆ ಇಟ್ಟಿದ್ದು ಬೀಥೋವನ್ ಬರೆದ ಹಾಳೆಯನ್ನಲ್ಲ. ಯಾವುದೋ ಊರಿನ ಹಾಲ್‌ನಲ್ಲಿ ಹತ್ತಾರು ಜನ ಕೂತು ನುಡಿಸಿದ, ಯಾರೋ ಮೈಕ್ ಇಟ್ಟು ಹಿಡಿದ ರೆಕಾರ್ಡಿಂಗನ್ನು. ಅದಕ್ಕೆ ಬೇರೆಯೇ ಹಕ್ಕು ಇದೆ. ನಿಮಗೆ ಬಂದ ಕ್ಲೇಮ್ ಆ ಹಕ್ಕಿನದು.

ನಮ್ಮ 1957ರ ಕಾಪಿರೈಟ್ ಕಾಯ್ದೆ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಸಂಗೀತ ಬರೆದವರ ಹಕ್ಕು ಅವರು ಬದುಕಿರುವವರೆಗೆ, ಆಮೇಲೆ ಇನ್ನೂ 60 ವರ್ಷ. ರೆಕಾರ್ಡಿಂಗ್‌ನ ಹಕ್ಕು ಅದು ಬಿಡುಗಡೆಯಾದ ಮೇಲೆ 60 ವರ್ಷ. ಎರಡೂ ಲೆಕ್ಕ ಮುಂದಿನ ಜನವರಿ 1ರಿಂದ ಶುರುವಾಗುತ್ತದೆ. ಹಾಗಾಗಿ ಯಾವುದೇ ಟ್ರ್ಯಾಕ್ ಸಿಕ್ಕರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಬರೆದವರು ಯಾರು? ನುಡಿಸಿದ್ದು ಯಾರು, ಯಾವಾಗ?

ಕೆಲವು ಸಲ ಇವರಿಬ್ಬರ ನಡುವೆ ಮೂರನೆಯವರೂ ಇರುತ್ತಾರೆ. ಬಾಖ್ ತೀರಿಕೊಂಡಿದ್ದು 1750ರಲ್ಲಿ. ಅವರ ಡಿ ಮೈನರ್ ಟೊಕಾಟಾ ಅಂಡ್ ಫ್ಯೂಗ್ ಆರ್ಗನ್‌ಗೆ ಅಂತ ಇರುವ ಕೃತಿ. ಅದನ್ನು ಇಡೀ ಆರ್ಕೆಸ್ಟ್ರಾ ನುಡಿಸುವುದನ್ನು ಕೇಳಿದ್ದೀರಿ ಅಂದರೆ, ಅದು ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ಎಂಬ ಆರ್ಕೆಸ್ಟ್ರಾ ನಿರ್ದೇಶಕರು ಆರ್ಕೆಸ್ಟ್ರಾಗೆ ಹೊಂದಿಸಿದ್ದು ಇರಬಹುದು. ಅವರು ತೀರಿಕೊಂಡಿದ್ದು 1977ರಲ್ಲಿ. ಆ ಹೊಂದಿಕೆಯ ಹಕ್ಕು ನಮ್ಮಲ್ಲಿ 2037ರ ಕೊನೆವರೆಗೂ ಇರುತ್ತದೆ. ಯುದ್ಧದ ದೃಶ್ಯಕ್ಕೆ ಎಲ್ಲರೂ ಬಯಸುವ 'ಓ ಫಾರ್ಚೂನಾ' ಕೋರಸ್ ಕಥೆಯೂ ಹೀಗೇ. ಲ್ಯಾಟಿನ್ ಪದ ಕೇಳಿ ತುಂಬಾ ಹಳೆಯದು ಅಂದುಕೊಳ್ಳುತ್ತೇವೆ. ಸಾಹಿತ್ಯ ಮಧ್ಯಯುಗದ್ದೇ, ನಿಜ. ಸಂಗೀತ ಮಾತ್ರ ಕಾರ್ಲ್ ಓರ್ಫ್ 1930ರ ದಶಕದಲ್ಲಿ ಕೂಡಿಸಿದ್ದು. ಓರ್ಫ್ ತೀರಿಕೊಂಡಿದ್ದು 1982ರಲ್ಲಿ. ಹಾಗಾಗಿ 2042ರ ಕೊನೆವರೆಗೆ ಅದನ್ನು ಸುಮ್ನೆ ಎತ್ತಿ ಹಾಕುವ ಹಾಗಿಲ್ಲ.

ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಇದಕ್ಕೆ ನಮ್ಮ ಮೈಸೂರಿನದೇ ಒಂದು ಉದಾಹರಣೆ ಇದೆ. ನನಗೆ ಬಹಳ ಇಷ್ಟವಾದ ಸಂಗತಿ ಇದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರು ಲಂಡನ್ನಿನಲ್ಲಿ ನೆಲೆಸಿದ್ದರು. ಹೆಚ್ಚು ಜನರಿಗೆ ಅವರ ಸಂಗೀತ ಗೊತ್ತಿರಲಿಲ್ಲ. ಅದನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಕಟ್ಟಿ ಎಚ್‌ಎಂವಿ ಮೂಲಕ ಗ್ರಾಮಫೋನ್ ಪ್ಲೇಟುಗಳನ್ನು ಹೊರತರಿಸಿದರು. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಪಿಯಾನೊಗೆ ಕೂತವರು ಸ್ವತಃ ಮೆಟ್ನರ್. ಮೂರನೇ ಪಿಯಾನೊ ಕನ್ಸರ್ಟೊವನ್ನು ಅವರು ಮಹಾರಾಜರಿಗೇ ಅರ್ಪಿಸಿದರು. ಮೆಟ್ನರ್ ತೀರಿಕೊಂಡಿದ್ದು 1951ರಲ್ಲಿ. ಭಾರತದಲ್ಲಿ ಆ ಸಂಗೀತದ ಅವಧಿಯೂ ಮುಗಿದಿದೆ, ಆ ಪ್ಲೇಟುಗಳ ಅವಧಿಯೂ ಮುಗಿದಿದೆ. ಅಮೆರಿಕದಲ್ಲಿ ಹಾಗಲ್ಲ. 1947ರಿಂದ 1956ರ ನಡುವೆ ಬಂದ ರೆಕಾರ್ಡಿಂಗ್‌ಗಳಿಗೆ ಅಲ್ಲಿ 110 ವರ್ಷದ ರಕ್ಷಣೆ ಇದೆ. ಮೈಸೂರಿನ ದುಡ್ಡಲ್ಲಿ ಆದ ರೆಕಾರ್ಡಿಂಗ್ ಮೈಸೂರಲ್ಲಿ ಮುಕ್ತ, ನ್ಯೂಯಾರ್ಕಿನಲ್ಲಿ ಅಲ್ಲ. ಯೂಟ್ಯೂಬ್‌ಗೆ ಹಾಕಿದ್ದು ಎಲ್ಲ ದೇಶದಲ್ಲೂ ಕಾಣುತ್ತದೆ. ಆದ್ದರಿಂದ ಹಳೆಯ ರೆಕಾರ್ಡ್ ನಂಬಿಕೊಂಡು ಹೊರಡುವವರು ಈ ಲೆಕ್ಕವನ್ನೂ ಹಾಕಬೇಕು.

ಇನ್ನು 'ರಾಯಲ್ಟಿ ಫ್ರೀ' ಅನ್ನುವ ಮಾತು. ಇದು ಬಿಟ್ಟಿ ಅಂತ ಅಲ್ಲ. ಒಂದು ಸಲ ಲೈಸೆನ್ಸ್ ತಗೊಂಡರೆ ಆಮೇಲೆ ಪ್ರತಿ ಪ್ರದರ್ಶನಕ್ಕೂ ಅವರಿಗೆ ದುಡ್ಡು ಕೊಡಬೇಕಾಗಿಲ್ಲ ಅಂತ ಅರ್ಥ. ಎಪಿಡೆಮಿಕ್ ಸೌಂಡ್, ಆರ್ಟ್‌ಲಿಸ್ಟ್, ಪಾಂಡ್5 ಇಂಥ ಕಡೆ ದುಡ್ಡು ಕೊಟ್ಟೇ ತಗೊಳ್ಳಬೇಕು. ಅಲ್ಲಿ ಯೂಟ್ಯೂಬ್‌ಗೆ ಸಾಲುವ ಪ್ಲಾನ್ ಥಿಯೇಟರಿಗೆ, ಓಟಿಟಿಗೆ ಸಾಲದೇ ಇರಬಹುದು. ದುಡ್ಡು ಕಟ್ಟುವ ಮೊದಲೇ ಅದನ್ನು ಓದಿ.

ಬಿಟ್ಟಿಯಾಗಿ ಬೇಕು ಅಂದರೆ ನಾನು ಮೊದಲು ಹುಡುಕುವುದು ಮ್ಯೂಸೋಪನ್ ಎಂಬ ತಾಣದಲ್ಲಿ. ಇವರು 2010ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ 68 ಸಾವಿರ ಡಾಲರ್‌ಗಿಂತ ಜಾಸ್ತಿ ಸಂಗ್ರಹಿಸಿದರು. ಉದ್ದೇಶ ಒಂದೇ. ಹಕ್ಕು ಮುಗಿದ ಸಿಂಫನಿಗಳನ್ನು ಹೊಸದಾಗಿ ನುಡಿಸಿ, ಆ ರೆಕಾರ್ಡಿಂಗನ್ನೂ ಎಲ್ಲರಿಗೂ ಬಿಟ್ಟುಕೊಡುವುದು. ಬೀಥೋವನ್ ಅವರ ಮೂರನೇ ಸಿಂಫನಿ, ಬ್ರಾಮ್ಸ್ ಅವರ ನಾಲ್ಕೂ ಸಿಂಫನಿಗಳು ಹಾಗೆ ಬಂದವು. ಯಾರ ಜೇಬಿಗೂ ಲಾಭ ಬರದ ಇಂಥ ಕೆಲಸಕ್ಕೆ ಅಷ್ಟು ಜನ ದುಡ್ಡು ಹಾಕಿದರಲ್ಲ, ಅದು ನೆನಪಾದಾಗಲೆಲ್ಲ ಮನಸ್ಸು ತುಂಬುತ್ತದೆ. ಆದರೆ ಅಲ್ಲಿರುವ ಎಲ್ಲಾ ಟ್ರ್ಯಾಕ್‌ಗಳ ಷರತ್ತೂ ಒಂದೇ ಅಲ್ಲ. ಒಂದೊಂದರ ಪಕ್ಕದಲ್ಲೂ ಏನು ಬರೆದಿದೆ ನೋಡಬೇಕು. ಐಎಂಎಸ್‌ಎಲ್‌ಪಿ ತಾಣಕ್ಕೂ ಇದೇ ಮಾತು. 2006ರಲ್ಲಿ ಶುರುವಾದ ಆ ತಾಣದಲ್ಲಿ ಸ್ವರಲಿಪಿಯ ಹಾಳೆಗಳ ಜೊತೆ ರೆಕಾರ್ಡಿಂಗ್‌ಗಳೂ ಸಿಗುತ್ತವೆ.

ಮೆರವಣಿಗೆ, ಗಾಂಭೀರ್ಯ ಬೇಕಾದ ದೃಶ್ಯಕ್ಕೆ ಅಮೆರಿಕದ ಮರೀನ್ ಬ್ಯಾಂಡ್ ಒಳ್ಳೆಯದು. ಸರ್ಕಾರಿ ನೌಕರರು ಕೆಲಸದ ಭಾಗವಾಗಿ ನುಡಿಸಿದ್ದಕ್ಕೆ ಆ ದೇಶದಲ್ಲಿ ಕಾಪಿರೈಟ್ ಇಲ್ಲ. ಹೆಚ್ಚಾಗಿ ಗಾಳಿವಾದ್ಯಗಳೇ. ಕೃತಿ ಬರೆದವರ ಹಕ್ಕು ಮುಗಿದಿದೆಯಾ ಅಂತ ಇಲ್ಲೂ ನೋಡಿಕೊಳ್ಳಬೇಕು. ಸಿನಿಮಾ ಧಾಟಿಯ ಬಿಜಿಎಂ ಸಾಕು ಅನ್ನುವವರಿಗೆ ಯೂಟ್ಯೂಬ್ ಆಡಿಯೋ ಲೈಬ್ರರಿ ಇದೆ, ಕೆವಿನ್ ಮ್ಯಾಕ್ಲಿಯಾಡ್ ಅವರ ಇನ್‌ಕಾಂಪಿಟೆಕ್ ಇದೆ. ಅವರ ಸಂಗೀತವನ್ನು ಬಿಟ್ಟಿಯಾಗಿ ಬಳಸಿದರೆ ಹೆಸರು ಹಾಕಲೇಬೇಕು. ಹೆಸರು ಹಾಕುವುದೇ ಅಲ್ಲಿ ನಾವು ಕೊಡುವ ಬೆಲೆ.

ಯಾವ ಷರತ್ತಿನಲ್ಲಿ ಬಳಸಬಹುದು ಅಂತ ಕೃತಿ ಮಾಡಿದವರೇ ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಿಸಿ ಝೀರೋ ಅಂದರೆ ಷರತ್ತಿಲ್ಲ. ಬಿವೈ ಅಂದರೆ ಹೆಸರು ಹಾಕಿ. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬೇಡ. ಎನ್‌ಡಿ ಅಂದರೆ ಬದಲಾಯಿಸಬೇಡಿ. 'ನಾನು ಟ್ಯೂನ್ ಮುಟ್ಟಿಲ್ಲ, ಹಾಗೇ ಹಾಕಿದ್ದೇನೆ, ಎನ್‌ಡಿ ಇದ್ದರೂ ಪರವಾಗಿಲ್ಲ' ಅಂತ ತುಂಬಾ ಜನ ಹೇಳುತ್ತಾರೆ. ಆಗುವುದಿಲ್ಲ. ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸಿ ಕೂರಿಸಿದರೆ ಅದೇ ಒಂದು ಬದಲಾವಣೆ ಅಂತ ಆ ಲೈಸೆನ್ಸ್‌ನಲ್ಲೇ ಸ್ಪಷ್ಟವಾಗಿ ಬರೆದಿದೆ. ಎಸ್‌ಎ ಇದ್ದರೆ ನಿಮ್ಮ ಚಿತ್ರವನ್ನೂ ಅದೇ ಷರತ್ತಿನಲ್ಲಿ ಎಲ್ಲರಿಗೂ ಬಿಡಬೇಕಾಗುತ್ತದೆ. ಸಿನಿಮಾಕ್ಕೆ ಸಿಸಿ ಝೀರೋ ಅಥವಾ ಬಿವೈ, ಇವೆರಡೇ ನೆಮ್ಮದಿ.

ಸಿಕ್ಕಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ತಾರೀಖು ಕಾಣಬೇಕು, ಟ್ರ್ಯಾಕ್ ಹೆಸರು ಕಾಣಬೇಕು. ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಒಂದು ಸಾಕ್ಷ್ಯಚಿತ್ರದ ಎಡಿಟಿಂಗ್‌ಗೆ ತಾತ್ಕಾಲಿಕವಾಗಿ ಅಂತ ಒಂದು ಉಚಿತ ಟ್ರ್ಯಾಕ್ ಹಾಕಿದ್ದೆ. ಕೇಳುತ್ತಾ ಕೇಳುತ್ತಾ ಅದೇ ಚಿತ್ರಕ್ಕೆ ಅಂಟಿಕೊಂಡಿತು. ಚಿತ್ರೋತ್ಸವದವರು ಸಂಗೀತದ ಲೈಸೆನ್ಸ್ ಕಾಗದ ಕೇಳಿದಾಗ ಆ ಪುಟವೇ ಇರಲಿಲ್ಲ. ಫೈಲ್‌ಗೆ ನಾನೇ ಕೊಟ್ಟಿದ್ದ ಹೆಸರು ಬಿಟ್ಟರೆ ಬೇರೆ ಗುರುತೂ ಇರಲಿಲ್ಲ. ರಾತ್ರಿಯೆಲ್ಲಾ ಕೂತು ಬೇರೆ ಟ್ರ್ಯಾಕ್ ಹುಡುಕಿದೆ. ಅಜ್ಜಿ ಬಾಗಿಲು ಮುಚ್ಚುವ ಶಾಟ್ ಒಂದಿತ್ತು. ಅಗುಳಿ ಬೀಳುವ ಕ್ಷಣಕ್ಕೆ ಸರಿಯಾಗಿ ಚೆಲ್ಲೊದ ಸ್ವರ ನಿಲ್ಲುತ್ತಿತ್ತು. ಹೊಸ ಟ್ರ್ಯಾಕ್‌ನಲ್ಲಿ ಅದು ಕೂರಲೇ ಇಲ್ಲ. ಕೊನೆಗೆ ಆ ಶಾಟಿಗೆ ಸಂಗೀತವನ್ನೇ ತೆಗೆದು ಅಗುಳಿಯ ಸದ್ದು ಮಾತ್ರ ಬಿಟ್ಟೆ.

ಈಗ ನಿಮ್ಮ ಕ್ಲೇಮ್‌ಗೆ ಬರೋಣ. ಕ್ಲೇಮ್ ಅಂದರೆ ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ದಂಡನೆ) ಅಲ್ಲ, ಚಾನೆಲ್‌ಗೆ ಅಪಾಯ ಏನಿಲ್ಲ. ಮೊದಲು ಆ ಫೈಲ್ ಎಲ್ಲಿಂದ ಬಂತು ಅಂತ ಪತ್ತೆ ಮಾಡಿ. ಯೂಟ್ಯೂಬ್‌ನಿಂದಲೋ ಸಿಡಿಯಿಂದಲೋ ಇಳಿಸಿಕೊಂಡದ್ದಾದರೆ ಕ್ಲೇಮ್ ನ್ಯಾಯವಾದದ್ದೇ ಇರಬಹುದು. ವಾದ ಬೇಡ, ಟ್ರ್ಯಾಕ್ ಬದಲಾಯಿಸಿ. ಮುಕ್ತ ರೆಕಾರ್ಡಿಂಗೇ ಆಗಿದ್ದರೆ ಧೈರ್ಯವಾಗಿ ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ, ಲೈಸೆನ್ಸ್ ವಿವರ ಬರೆಯಿರಿ. ಕ್ಲೇಮ್ ಮಾಡಿದವರು 30 ದಿನದೊಳಗೆ ಉತ್ತರ ಕೊಡಬೇಕು. ಒಂದೇ ಸ್ವರಲಿಪಿ ನೋಡಿ ನುಡಿಸಿದ ಎರಡು ಆರ್ಕೆಸ್ಟ್ರಾಗಳನ್ನು ಯೂಟ್ಯೂಬ್‌ನಲ್ಲಿ ಸಂಗೀತವನ್ನು ತಾನಾಗಿಯೇ ಗುರುತು ಹಿಡಿಯುವ ಕಂಟೆಂಟ್ ಐಡಿ ವ್ಯವಸ್ಥೆ ಎಷ್ಟೋ ಸಲ ಒಂದೇ ಅಂದುಕೊಳ್ಳುತ್ತದೆ. ಜರ್ಮನಿಯ ಸಂಗೀತ ಪ್ರಾಧ್ಯಾಪಕ ಉಲ್ರಿಶ್ ಕೈಸರ್ ಹಕ್ಕು ಮುಗಿದ ಹಳೆಯ ರೆಕಾರ್ಡಿಂಗ್‌ಗಳನ್ನು ಬೇಕೆಂದೇ ಹಾಕಿ ನೋಡಿದಾಗ ಅವರಿಗೂ ಕ್ಲೇಮ್‌ಗಳು ಬಂದಿದ್ದವು.

ಟ್ರ್ಯಾಕ್ ಬದಲಾಯಿಸುವುದಾದರೆ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ. ಆ ಎರಡನೇ ಭಾಗವನ್ನು ಕೆಲವರು ಎಂಟು ನಿಮಿಷದಲ್ಲಿ ಮುಗಿಸುತ್ತಾರೆ, ಕೆಲವರು ಹತ್ತರ ಹತ್ತಿರ ಹೋಗುತ್ತಾರೆ. ಹಳೆಯ ಕಟ್‌ಗಳು ಹೊಸ ನಡೆಗೆ ಕೂರುವುದಿಲ್ಲ. ಶುರುವಿನಲ್ಲಿ ಗಾಳಿವಾದ್ಯಗಳದು ಒಂದು ಉದ್ದನೆಯ ಸ್ವರಮೇಳ ಬರುತ್ತದೆ. ಅದು ಕರಗಿದ ಮೇಲೆ ವಯೋಲಾ, ಚೆಲ್ಲೊ, ಬಾಸ್‌ಗಳು ತಗ್ಗಿನಲ್ಲಿ ಹೆಜ್ಜೆ ಇಡುತ್ತವೆ. ಮೊದಲ ಕಟ್ಟನ್ನು ಆ ಮೊದಲ ಹೆಜ್ಜೆಗೆ ಇಟ್ಟು, ಅಲ್ಲಿಂದ ಮುಂದಕ್ಕೆ ಹೊಂದಿಸುತ್ತಾ ಹೋಗಿ.